ತಂದೆ / ಗಂಡನ ಹೆಸರು

ಕೊತ್ತತ್ತಿಯ ಶಿವರಾಜು ಮಾಡಿದ ತಪ್ಪು ಒಂದೇ ಒಂದು. ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಒಂದು ಫಾರಂನಲ್ಲಿ ಹೆಸರು, ಊರು, ಫೋನ್ ನಂಬರ್ ಅಂತ ಮೂರೇ ಸಾಲು, ಕೊನೆಗೆ ಎರಡು ಪ್ರಶ್ನೆ ಇದ್ದವು. ಅಷ್ಟಕ್ಕೇ ಬಿಟ್ಟಿದ್ದರೆ ಅವನ ಪಾಡಿಗೆ ಅವನು ಇರುತ್ತಿದ್ದ. ಆದರೆ ಯಾಕೋ ಆ ಫಾರಂ ಬೋಳುಬೋಳಾಗಿ ಕಂಡಿತು. ಬುದ್ಧಿ ಬಂದಾಗಿನಿಂದ ತಾನು ತುಂಬಿದ ಎಲ್ಲ ಫಾರಂಗಳಲ್ಲೂ ಇದ್ದ ಸಾಲೊಂದನ್ನು ಹೆಸರಿನ ಕೆಳಗೆ ತಾನೇ ಸೇರಿಸಿದ: 'ತಂದೆ / ಗಂಡನ ಹೆಸರು'.

ಹತ್ತು ವರ್ಷ ಮಂಡ್ಯದಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುತ್ತಿದ್ದ ಮನುಷ್ಯ ಶಿವರಾಜು. ಎರಡು ವರ್ಷದ ಹಿಂದೆ ಆ ಕೆಲಸ ಬಿಟ್ಟು, 'ನೀರ್ಗಂಟಿ' ಎಂಬ ಯಂತ್ರ ಮಾಡಲು ಕೂತ. ನಾಲೆಯ ಪಕ್ಕ ಕಟ್ಟುವ ಸಣ್ಣ ಡಬ್ಬಿ ಅದು. ನಾಲೆಗೆ ನೀರು ಬಿಟ್ಟ ಕೂಡಲೇ ಒಳಗಿನ ಬೆಂಡು ಮೇಲೆದ್ದು ರೈತನ ಫೋನಿಗೆ ಕರೆ ಹೋಗಬೇಕು. ಅವನ ಅಪ್ಪ ಸರದಿಯ ನೀರಿಗಾಗಿ ನಾಲೆ ಏರಿಯ ಮೇಲೆ ಕಂಬಳಿ ಹೊದ್ದು ಕಾದೂ ಕಾದೂ ಎದೆಗೆ ಶೀತ ಹಿಡಿಸಿಕೊಂಡೇ ಹೋದವರು. ಇನ್ನೊಬ್ಬರ ಅಪ್ಪ ಹಾಗೆ ಕಾಯುವುದು ಬೇಡ ಎಂಬುದು ಅವನ ಆಸೆ. ಆ ಆಸೆಯಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಕಷ್ಟ ಬಂದದ್ದು ಅಂತರ್ಜಾಲದಿಂದ. 'ಹೊಸ ಉದ್ಯಮ ಶುರು ಮಾಡುವವರಿಗೆ ಇಪ್ಪತ್ತೊಂದು ಪುಕ್ಕಟೆ ಸಾಧನಗಳು' ಎಂಬ ಪುಟವೊಂದು ಕಣ್ಣಿಗೆ ಬಿತ್ತು. ಶಿವರಾಜು ಅದನ್ನು ವ್ರತದಂತೆ ಹಿಡಿದ. ಲೋಗೋ ಬರೆದುಕೊಡುವ ಸಾಧನದಲ್ಲಿ ನಲವತ್ತು ಲೋಗೋ ಬರೆಸಿದ. ವೆಬ್‌ಸೈಟ್ ಕಟ್ಟುವ ಸಾಧನದಲ್ಲಿ ವೆಬ್‌ಸೈಟ್ ಕಟ್ಟಿದ. ಕಂಪನಿಯವರೆಲ್ಲ ಮಾತಾಡಿಕೊಳ್ಳಲು ಒಂದು ಗುಂಪು ಮಾಡಿದ. ಕಂಪನಿಯಲ್ಲಿ ಇದ್ದವನು ಅವನೊಬ್ಬನೇ ಆದ್ದರಿಂದ ಬೆಳಗ್ಗೆ ತಾನೇ ಸಂದೇಶ ಕಳಿಸಿ, ಮಧ್ಯಾಹ್ನ ತಾನೇ ಉತ್ತರ ಕೊಡುತ್ತಿದ್ದ. ಇಷ್ಟರಲ್ಲಿ ಎರಡು ವರ್ಷ ಆಯಿತು, ಯಂತ್ರ ಮೂರು ಆದವು. ಅದರಲ್ಲಿ ಒಂದು ಕೆಲಸ ಮಾಡುತ್ತಿತ್ತು.

ಇಪ್ಪತ್ತನೆಯ ಸಾಧನವೇ ಈ ಫಾರಂ. ಜನರ ಅಭಿಪ್ರಾಯ ಕೇಳುವುದಕ್ಕೆ.

ಮಂಡ್ಯದಲ್ಲಿ ಹೊಸ ಉದ್ಯಮಿಗಳಿಗೆ ನೆರವಾಗುವ ಕೇಂದ್ರವೊಂದಿತ್ತು. ಈ ಸಲ ಒಬ್ಬರನ್ನು ಮಾತ್ರ ಆರಿಸಿ ಒಂದು ವರ್ಷ ಖರ್ಚು ನೋಡಿಕೊಳ್ಳುತ್ತಾರಂತೆ. ಷರತ್ತು ಒಂದೇ: ಕನಿಷ್ಠ ನೂರು ಜನರ ಅಭಿಪ್ರಾಯವನ್ನು ಶುಕ್ರವಾರ ಸಂಜೆ ನಾಲ್ಕರೊಳಗೆ ಕಳಿಸಬೇಕು; ಆಯ್ಕೆ ಅವತ್ತೇ. ಇವತ್ತು ಶುಕ್ರವಾರ. ಬಂದ ಉತ್ತರ ಹನ್ನೊಂದು. ಊರಿನ ವಾಟ್ಸಾಪ್ ಗುಂಪಿಗೆ ಫಾರಂ ಹಾಕಿದ್ದಕ್ಕೆ ಉಳಿದವರು ಗುಲಾಬಿ ಹೂವಿನ ಜೊತೆ ಶುಭೋದಯ ಹೇಳಿದ್ದರು.

ಮಂಡ್ಯದ ಸೊಸೈಟಿಯಲ್ಲಿ ಗುಮಾಸ್ತೆಯಾಗಿದ್ದ ಹೆಂಡತಿ ಶ್ವೇತ, ಬಸ್ಸಿಗೆ ಹೊರಡುತ್ತಾ ಬಾಗಿಲಲ್ಲಿ ನಿಂತಳು.

"ನೋಡಿ, ಎರಡು ವರ್ಸ ನಾನು ತುಟಿಪಿಟಕ್ ಅಂದಿಲ್ಲ. ಇವತ್ತು ನೀವು ಆಯ್ಕೆ ಆದ್ರೆ ಇನ್ನೂ ಒಂದ್ ವರ್ಸ ಅನ್ನಕಿಲ್ಲ. ಆಗ್ನಿಲ್ವಾ, ಸೋಮವಾರದಿಂದ ಮದ್ದೂರು ಬಸ್ಸು ಅತ್ತಿ. ನಮ್ಮ ಮಹದೇವು ಅಂಗಡಿಗೆ ಜನ ಬೇಕಂತೆ."

"ಆಯ್ತು ಕಣೆ."

ಮಹದೇವು ಶ್ವೇತಳ ತಮ್ಮ. ಮದ್ದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಒಳ್ಳೆಯ ಹುಡುಗ, ಅದೇ ತೊಂದರೆ. ಕೆಟ್ಟವನಾದರೆ ಜಗಳ ಆಡಿಕೊಂಡು ಬರಬಹುದು. ಭಾಮೈದನ ಅಂಗಡಿಯಲ್ಲಿ ಆಳಾಗಿ ನಿಂತು, ಗಿರಾಕಿಗಳೆದುರಿಗೆ ಅವನ ಬಾಯಲ್ಲಿ 'ಭಾವ, ಭಾವ' ಅಂತ ಮರ್ಯಾದೆಯಾಗಿ ಕೆಲಸ ಹೇಳಿಸಿಕೊಳ್ಳುವುದಕ್ಕಿಂತ ನಾಲೆಗೆ ಹಾರುವುದು ವಾಸಿ ಎಂದು ಶಿವರಾಜು ಒಂದೆರಡು ಸಲ ಅಂದುಕೊಂಡದ್ದುಂಟು. ನಾಲೆಯಲ್ಲಿ ನೀರಿಲ್ಲದ ಕಾಲವಾದ್ದರಿಂದ ಆ ಯೋಚನೆ ಅಲ್ಲಿಗೇ ನಿಂತಿತ್ತು.

ಜಗಲಿ ಮೇಲೆ ಫೋನು ಹಿಡಿದು ಕೂತ. ಪಕ್ಕದ ಮನೆ ಬೆಟ್ಟಮ್ಮ ಹಾಲಿಗೆ ಹೆಪ್ಪು ಕೇಳಲು ಬಂದಳು. ಎಪ್ಪತ್ತರ ಹೆಂಗಸು, ಊರಿನಲ್ಲಿ ಅವಳಿಗೆ ತಿಳಿಯದ್ದು ಯಾವುದೂ ಇಲ್ಲ, ಓದು ಬರಹ ಒಂದು ಬಿಟ್ಟು.

"ಬಾ ಅತ್ತೆ, ಕೂತ್ಕೊ. ನಿನ್ ಅಭಿಪ್ರಾಯ ಹೇಳು, ಬರ್ಕೋತೀನಿ. ಹೆಸ್ರು ಬೆಟ್ಟಮ್ಮ. ಗಂಡನ ಹೆಸ್ರು?"

ಬೆಟ್ಟಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಗಂಡನೆಸ್ರು ಕೇಳ್ತದಾ ಇದು?"

"ಊಂ ಅತ್ತೆ."

"ನಾ ಎಂಗ್ಲಾ ಯೋಳಾದು? ನಿಂಗೊತ್ತಲ್ಲ, ಬರ್ಕೊ. ಅದಿರ್ಲಿ, ಯಾವ್ ಸ್ಕೀಮ್ಲಾ ಮಗ ಇದು?"

"ಸ್ಕೀಮಲ್ಲ ಕಣತ್ತೆ. ಬರೀ ಅಭಿಪ್ರಾಯ."

"ಅಭಿಪ್ರಾಯಕ್ಕೆ ಗಂಡ ಯಾಕ್ಲಾ ಬೇಕು?"

ಬೆಟ್ಟಮ್ಮ ಅವನನ್ನು ಒಂದು ಗಳಿಗೆ ಕನಿಕರದಿಂದ ನೋಡಿದಳು. ಹೆಪ್ಪು ಮರೆತೇ ಎದ್ದು ಹೋದಳು.

ಅರ್ಧ ಗಂಟೆಯಲ್ಲಿ ಏಳು ಹೆಂಗಸರು ಬಂದರು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿನ ಜೆರಾಕ್ಸು. ಒಬ್ಬಳು ಎರಡು ಫೋಟೋನೂ ತಂದಿದ್ದಳು. ಹತ್ತು ಗಂಟೆ ಹೊತ್ತಿಗೆ ಸಾಲು ಹಾಲಿನ ಡೈರಿ ದಾಟಿತು. ಶಿವರಾಜು ಎದ್ದು ನಿಂತು ಕೈ ಮುಗಿದ.

"ನೋಡ್ರಪ್ಪ, ಇದು ಸರ್ಕಾರದ್ದಲ್ಲ. ಯಾವ ಸ್ಕೀಮೂ ಇಲ್ಲ. ಇದ್ರಿಂದ ಯಾರ್ಗೂ ಏನೂ ಬರಾಕಿಲ್ಲ."

ಸಾಲಿನ ಹಿಂದಿನಿಂದ ಒಬ್ಬ ಕೇಳಿದ, "ಅಂಗಾರೆ ಬೆಟ್ಟಮ್ಮಂಗೆ ಯಾಕ್ ಬರ್ಕೊಂಡೆ? ನಿನ್ ಪಕ್ಕದ್ ಮನೆಯೋರ್ಗೆ ಮಾತ್ರವಾ?"

"ಅವ್ರ್ ವಠಾರದೋರ್ಗೆಲ್ಲ ಮುಗಿಸ್ಕಂಡು ಈಗ ಇಲ್ಲ ಅಂತಾವ್ನೆ ಕಣ್ಲಾ!"

"ಓದ್ದೋನು ಅಂದ್ಕೊಂಡಿದ್ದೊ. ಇಂಗಾ ಮಾಡಾದು?"

ಇಲ್ಲ ಅಂದಷ್ಟೂ ಇದೆ ಎನ್ನುವ ನಂಬಿಕೆ ಗಟ್ಟಿಯಾಯಿತು. ಆಗ ಬೆಟ್ಟಮ್ಮನೇ ಮುಂದೆ ಬಂದು, ಸೀಮೆಸುಣ್ಣ ಹಿಡಿದು ಎಲ್ಲರ ಚೀಲದ ಮೇಲೂ ಗೀಟು ಎಳೆದು ಸರದಿ ಗೊತ್ತು ಮಾಡಿದಳು. ಶಿವರಾಜು ಫೋನು ನೋಡಿದ. ಉತ್ತರಗಳು ಮೂವತ್ತೆಂಟಾಗಿದ್ದವು. ನಾಲ್ಕು ಗಂಟೆಗೆ ಇನ್ನೂ ಆರು ಗಂಟೆ ಕಾಲ ಇತ್ತು. ನಿಜ ಹೇಳಿದ್ದೇನೆ, ಅವರು ನಂಬಲಿಲ್ಲ, ಇನ್ನು ನನ್ನ ಪಾಪ ಏನಿದೆ ಎಂದು ಮನಸ್ಸು ಹೇಳಿತು. ಮನಸ್ಸು ಸುಳ್ಳು ಹೇಳುತ್ತಿದೆ ಅಂತ ಅವನಿಗೂ ಗೊತ್ತಿತ್ತು. ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಬರೆದುಕೊಳ್ಳುತ್ತಾ ಹೋದ.

ಫಾರಂನ ಕೊನೆಗೆ ಎರಡು ಪ್ರಶ್ನೆಗಳಿದ್ದವು. 'ನಿಮಗಿರುವ ದೊಡ್ಡ ತೊಂದರೆ ಯಾವುದು?' 'ಈ ಉದ್ಯಮಕ್ಕೆ ನೀವು ಹೇಗೆ ನೆರವಾಗಬಲ್ಲಿರಿ?' ನಾಲೆ ನೀರಿನ ಸುದ್ದಿ ತಾನಾಗಿಯೇ ಬರುತ್ತದೆ ಅಂತ ಶಿವರಾಜು ಕಾದ. ಬಂದದ್ದು ಬೇರೆ. ರೇಷನ್ ಕಾರ್ಡಿನಲ್ಲಿ ಸೊಸೆ ಹೆಸರು ಬಿಟ್ಟುಹೋಗಿದೆ. ಪಹಣಿಯಲ್ಲಿ ಅಜ್ಜನ ಹೆಸರೇ ಇದೆ. ಅರ್ಜಿ ಕೊಟ್ಟು ಒಂದು ವರ್ಷ ಆಯಿತು, ಆಫೀಸಿನಲ್ಲಿ ಇನ್ನೊಂದು ಅರ್ಜಿ ಕೊಡು ಅಂತಾರೆ.

"ನೀರಿಂದೇನಾರ ತೊಂದ್ರೆ ಅದಾ?" ಅಂತ ಅವನು ಎತ್ತಿಕೊಡುತ್ತಿದ್ದ.

"ನೀರ್ ಬಂದಾಗ ಬತ್ತದೆ ಬುಡಪ್ಪ. ನೀ ಕಾರ್ಡಿಂದು ಬರ್ಕೊ."

ಹನ್ನೊಂದೂವರೆಗೆ ಚಿಕ್ಕಬೋರಯ್ಯನ ಸರದಿ ಬಂತು. ಎಂಬತ್ತು ದಾಟಿದ ಮುದುಕ. ಕೋಲು ಪಕ್ಕಕ್ಕಿಟ್ಟು ಕೂತ.

"ಏನ್ ತೊಂದ್ರೆ ತಾತ?"

"ನಾನು ಸತ್ತೋಗಿವ್ನಿ ಕಣಪ್ಪ."

ಶಿವರಾಜು ತಲೆ ಎತ್ತಿದ.

"ಆಫೀಸ್ನಾಗೆ ಅಂಗೇ ಬರ್ಕೊಂಡವ್ರೆ. ಎಂಟು ತಿಂಗ್ಳಾಯ್ತು, ಪಿಂಚಣಿ ನಿಂತೋಗದೆ. ಓಗಿ ಎದುರ್ಗೇ ನಿಂತ್ಕಂಡೆ. ಇದ್ಕೊಂದು ಫಾರಂ ತುಂಬಿ ತತ್ತಾ ಅಂದ್ರು. ಯಾವ್ ಫಾರಂ ಅಂತ ಯೋಳ್ನಿಲ್ಲ. ನೀ ವಸಿ ಬರ್ದ್ಬುಡು ಮಗ. ಇನ್ನೂ ಸತ್ತಿಲ್ಲ ಅಂತವ."

ಯಾರೂ ನಗಲಿಲ್ಲ. ಇದು ಅದಲ್ಲ ತಾತ ಅನ್ನಬೇಕೆಂದು ಬಾಯಿ ತೆರೆದವನು, ಮುದುಕನ ಮುಖ ನೋಡಿ, 'ಚಿಕ್ಕಬೋರಯ್ಯನವರು ಬದುಕಿದ್ದಾರೆ' ಅಂತ ಬರೆದ. ಬರೆದದ್ದನ್ನು ಜೋರಾಗಿ ಓದಿಯೂ ಹೇಳಿದ. ಮುದುಕ ಎದ್ದು ಕೈ ಮುಗಿದು ಹೋದ. ಆ ಕೈಮುಗಿತ ಶಿವರಾಜುವಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮಧ್ಯಾಹ್ನಕ್ಕೆ ಸರಿಯಾಗಿ ಮದ್ದೂರಿನಿಂದ ಮಹದೇವು ಬೈಕಿನಲ್ಲಿ ಬಂದಿಳಿದ. ಅಕ್ಕ ಫೋನು ಮಾಡಿದ್ದಳಂತೆ. ಸಾಲು ನೋಡಿ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಭಾವ, ಕಂಪನಿ ಇಷ್ಟು ದೊಡ್ಡದಾಗದೆ ಅಂತ ನಂಗ್ ಗೊತ್ತೇ ಇರ್ಲಿಲ್ಲ. ನಾನೂ ಒಂದ್ ತುಂಬ್ಲಾ?"

"ತುಂಬಪ್ಪ," ಅಂದ ಶಿವರಾಜು ಬೆವರು ಒರೆಸಿಕೊಂಡು. ಮಹದೇವು ಮೆಟ್ಟಿಲ ಮೇಲೆ ಕೂತು ತನ್ನ ಫೋನಿನಲ್ಲಿ ಬಹಳ ಹೊತ್ತು ಶ್ರದ್ಧೆಯಿಂದ ಒತ್ತಿದ.

ಅಷ್ಟರಲ್ಲಿ ಯಾರೋ ಲಿಂಕನ್ನು ದುದ್ದದ ನೆಂಟರಿಗೆ ಕಳಿಸಿದ್ದರು. ದುದ್ದದವರು ಮಳವಳ್ಳಿಯ ಬೀಗರಿಗೆ ಕಳಿಸಿದರು. ಮಳವಳ್ಳಿಯಿಂದ ಫೋನು ಬಂತು: "ಸಾರ್, ನಮ್ ತಾಲೂಕಿಗೂ ಅನ್ವಯಿಸ್ತದಾ? ಕೊನೇ ದಿನ ಇವತ್ತೇಯಾ?" ಕೊನೆಯ ದಿನ ಇವತ್ತೇ ಎಂಬುದಂತೂ ನಿಜವಾಗಿತ್ತು. ಅಷ್ಟನ್ನೇ ಹೇಳಿದ.

ಎರಡೂವರೆಗೆ ಅವನ ಫೋನು ಬೇರೆಯದೇ ರಾಗದಲ್ಲಿ ಹೊಡೆದುಕೊಂಡಿತು. ಶಿವರಾಜು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ನೀರ್ಗಂಟಿ! ನಾಲೆಯ ಏರಿಗೆ ಕಟ್ಟಿಟ್ಟಿದ್ದ ಅವನ ಯಂತ್ರ ಅವನಿಗೆ ಕರೆ ಮಾಡಿತ್ತು. ಎರಡು ವರ್ಷದ ದುಡಿಮೆ, ಅಪ್ಪನ ಕೆಮ್ಮು, ಶ್ವೇತಳ ಮೌನ ಎಲ್ಲವೂ ಆ ಒಂದು ಕರೆಯಲ್ಲಿತ್ತು. ಕಣ್ಣಲ್ಲಿ ನೀರಾಡಿತು. ಜಗಲಿಯ ಮೇಲೆ ಹತ್ತಿ ನಿಂತು ಕೂಗಿದ.

"ನೀರ್ ಬಂತು! ನಾಲೇಗೆ ನೀರ್ ಬಂತು ಕಣ್ರೋ! ನನ್ ಮಿಷಿನ್ನು ಹೇಳ್ತದೆ!"

ನೂರು ಜನ ಅವನನ್ನು ನೋಡಿದರು. ಒಬ್ಬರೂ ಕದಲಲಿಲ್ಲ.

"ಬರ್ಲಿ ಬುಡು, ಇನ್ನು ಹದಿನೈದು ದಿಸ ಹರೀತದೆ," ಅಂದಳು ಬೆಟ್ಟಮ್ಮ. "ಸಾಲು ಬುಟ್ಟೋದ್ರೆ ಸಾಲು ಸಿಕ್ತದಾ? ನಮ್ಮುನ್ನ ಓಡಿಸಾಕೆ ಒಳ್ಳೆ ಉಪಾಯ ಮಾಡ್ದೆ ಕಣ್ಲಾ. ಕೂತ್ಕೊ, ಮುಂದಿಂದು ಬರ್ಕೊ."

ಶಿವರಾಜು ಕೂತ. ಮುಂದಿನದು ಬರೆದುಕೊಂಡ.

ನಾಲ್ಕು ಗಂಟೆಗೆ ಇನ್ನೂರ ಮೂವತ್ತಾರು ಉತ್ತರಗಳು ಮಂಡ್ಯದ ಕೇಂದ್ರಕ್ಕೆ ಹೋದವು. ಗುಂಡಿ ಒತ್ತಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. "ದೇವ್ರಾಣೆಗೂ ಹೇಳ್ತೀನಿ, ಇದು ಸ್ಕೀಮಲ್ಲ. ನನ್ ಸ್ವಾರ್ಥಕ್ಕೆ ಬರ್ಕೊಂಡೆ. ತಪ್ಪಾಯ್ತು," ಅಂದ.

ಬೆಟ್ಟಮ್ಮ ಅವನ ಬೆನ್ನು ಸವರಿದಳು. "ಗೊತ್ತು ಬುಡು ಮಗ. ಎಲೆಕ್ಷನ್ನು ಹತ್ರ ಬತ್ತಾ ಅದೆ, ಬಾಯ್ಬುಟ್ಟು ಹೇಳಂಗಿಲ್ಲ."

ಐದೂವರೆಗೆ ಶ್ವೇತ ಬಂದಳು. ಒಳಗೆ ಮಹದೇವು ಉಪ್ಪಿಟ್ಟು ತಿನ್ನುತ್ತಿದ್ದ. ಆಗ ಕೇಂದ್ರದ ಮುಖ್ಯಸ್ಥೆ ಶಶಿರೇಖಾ ಅವರ ಫೋನು ಬಂತು. ಎತ್ತುವ ಅವಸರದಲ್ಲಿ ಸ್ಪೀಕರೂ ಒತ್ತಿಕೊಂಡಿತು.

"ಶಿವರಾಜು ಅವರೇ, ಅಭಿನಂದನೆ. ನೀವೇ ಆಯ್ಕೆ ಆಗಿದೀರಿ."

ಶ್ವೇತ ಕೈಚೀಲ ಹಿಡಿದೇ ಗೋಡೆಗೆ ಒರಗಿದಳು. ಅವಳ ಮುಖದ ಮೇಲೆ ಎರಡು ವರ್ಷದಿಂದ ಇಲ್ಲದ ನಗು ಬಂತು.

"ಎಲ್ಲಾ ಉತ್ತರಗಳನ್ನೂ ಓದಿದ್ವಿ. ಆ ಚಿಕ್ಕಬೋರಯ್ಯನವರದ್ದನ್ನಂತೂ ಎರಡೆರಡು ಸಲ ಓದಿದ್ವಿ. ಅವರ ವಿಷಯಾನ ನಾಳೆ ನಾನೇ ತಾಲೂಕು ಕಚೇರಿಗೆ ತಗೊಂಡು ಹೋಗ್ತೀನಿ. ಆದ್ರೆ ಒಂದು ಮಾತು. ಇನ್ನೂರ ಮೂವತ್ತಾರು ಜನರಲ್ಲಿ ನಾಲೆ ನೀರಿನ ಬಗ್ಗೆ ಒಬ್ರೂ ಬರೆಸಿಲ್ಲ. ಅವರಿಗೆ ಬೇಕಾಗಿರೋದು ಯಂತ್ರ ಅಲ್ಲ, ಕೂತು ಕೇಳಿ ಫಾರಂ ತುಂಬಿಕೊಡೋ ಮನುಷ್ಯ. ನೀವು ಒಂದೇ ಫೋನಿನಿಂದ ನೂರಾ ಎಂಬತ್ತು ತುಂಬಿದೀರಿ. ಅದೇ ನಿಮ್ಮ ಉದ್ಯಮ. ಯಂತ್ರಾನ ಸದ್ಯಕ್ಕೆ ಪಕ್ಕಕ್ಕಿಡಿ."

"ಮೇಡಂ, ಅದು ಇವತ್ತು ಕೆಲ್ಸ ಮಾಡ್ತು ಮೇಡಂ."

"ಬಹಳ ಸಂತೋಷ," ಅಂದರು ಶಶಿರೇಖಾ.

ಶಿವರಾಜು ಒಂದು ನಿಟ್ಟುಸಿರು ಬಿಟ್ಟ. ಯಂತ್ರ ಹೋಯಿತು. ಹೋಗಲಿ, ಮಾನ ಉಳಿಯಿತು. ಮದ್ದೂರು ಬಸ್ಸು ತಪ್ಪಿತು.

"ಇನ್ನೊಂದು ಸಂತೋಷದ ವಿಷಯ," ಅಂದರು ಅವರು. "ನಿಮ್ಮ ಕೆಲಸ ಊರಲ್ಲಿ ಅಲ್ಲ, ಬಸ್‌ಸ್ಟ್ಯಾಂಡು, ತಾಲೂಕು ಕಚೇರಿ ಹತ್ರ ಇರ್ಬೇಕು. ಅದಕ್ಕೆ ಜಾಗಾನೂ ನಿಮ್ಮ ಫಾರಂನಲ್ಲೇ ಸಿಕ್ಕಿದೆ. ಹೇಗೆ ನೆರವಾಗಬಲ್ಲಿರಿ ಅನ್ನೋದಕ್ಕೆ ಇನ್ನೂರ ಮೂವತ್ತಾರು ಜನರಲ್ಲಿ ಉತ್ತರ ಬರೆದಿರೋರು ಒಬ್ರೇ. 'ಮದ್ದೂರಿನ ನನ್ನ ಅಂಗಡಿಯಲ್ಲಿ ಇವರಿಗೆ ಮೇಜು, ಕುರ್ಚಿ ಕೊಡುತ್ತೇನೆ, ಬಾಡಿಗೆ ಬೇಡ.' ಮಹದೇವು ಅಂತ ಹೆಸರು. ಆಗ್ಲೇ ಮಾತಾಡಿ ಒಪ್ಪಿಸಿದೀವಿ. ಒಂದು ವರ್ಷ ಅಲ್ಲೇ. ಸೋಮವಾರದಿಂದ ಶುರು ಮಾಡಿ."

ಫೋನು ನಿಂತಿತು. ಮಹದೇವು ತಟ್ಟೆ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಬಹಳ ಮರ್ಯಾದೆಯಿಂದ ಎದುರಿಗೆ ನಿಂತ.

"ಭಾವ, ಒಂಬತ್ತಕ್ಕೆಲ್ಲ ಬಂದ್ಬುಡಿ. ಜನ ಇಲ್ದಾಗ ಬ್ಯಾಸರ ಆದ್ರೆ ವಸಿ ಮೊಳೆ ತೂಕ ಹಾಕೀರಂತೆ."