ಅಪ್ಪೆಮಿಡಿಗೆ ಹೊಯ್ದ ನೀರು

ನೀರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಯಾರೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲ ಅದು. ನಂಬಲು ಕಾರಣವೂ ಇತ್ತು. ನಾನು ಮಳೆ ಬಿಡದೆ ಸುರಿಯುವ ಮೇಗರವಳ್ಳಿಯವನು. ನಮ್ಮೂರಲ್ಲಿ ಗಿಡಕ್ಕೆ ನೀರು ಹಾಕುವ ಪದ್ಧತಿ ಇರಲಿಲ್ಲ. ಗಿಡವನ್ನು ನೀರಿನಿಂದ ಕಾಪಾಡುವ ಪದ್ಧತಿ ಇತ್ತು. ಆ ವಿದ್ಯೆಯಲ್ಲಿ ನಾನು ಪಳಗಿದವನು.

ಅರವತ್ತರ ದಶಕದ ನಡುವಿನಲ್ಲಿ ನನಗೆ ಆನಂದಪುರದಾಚೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಸಾಗರ ತಾಲ್ಲೂಕೇ ಆದರೂ ಅದು ಮಲೆನಾಡು ಮುಗಿದು ಬಯಲು ಶುರುವಾಗುವ ಅಂಚು. ಸಂಕ್ರಾಂತಿ ಕಳೆದರೆ ನೆಲ ಬಿರಿಯುತ್ತಿತ್ತು. ಬೇಸಿಗೆಯಲ್ಲಿ ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕಿತ್ತು.

ಅದೇ ವರ್ಷ ನನ್ನ ಹೆಂಡತಿ ಶಾರದೆಯ ತವರೂರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಹೊಳೆಬಾಗಿಲಿನ ಕಡೆಯ ಊರು. ಅವರ ಮನೆಯ ಹಿಂದೆ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮಿಡಿ ಮಾವಿನ ಮರವಿತ್ತು. ಮಿಡಿಯ ತೊಟ್ಟು ಮುರಿದರೆ ಜೀರಿಗೆಯ ಪರಿಮಳ ಹಿತ್ತಲಿನಿಂದ ಅಡುಗೆಮನೆಯವರೆಗೂ ಬರುತ್ತಿತ್ತು. ನೀರು ಏರುವ ಮುಂಚೆ ನನ್ನ ಮಾವ ಆ ಮರದಿಂದ ಕಸಿ ಕಟ್ಟಿದ ಗಿಡಗಳಲ್ಲಿ ಒಂದೇ ಒಂದು ಬದುಕಿತು. ಅದನ್ನು ಮಗಳ ಕೈಗಿಟ್ಟು, "ಮನೇನ ಹೊತ್ಕಂಡು ಹೋಗಕ್ಕಾಗಲ್ಲ ಮಗಾ, ಇದನ್ನ ತಗಂಡು ಹೋಗು" ಎಂದರಂತೆ. ಶಾರದೆ ಬಸ್ಸಿನಲ್ಲಿ ಅದನ್ನು ಮಡಿಲಿನಿಂದ ಇಳಿಸದೆ ತಂದಳು.

"ಇವ್ರೇ, ಇದು ಬದುಕ್ಬೇಕು. ಸತ್ರೆ ಇನ್ನೊಂದು ತರಕ್ಕೆ ಮರ ಇಲ್ಲ, ಊರೂ ಇಲ್ಲ" ಎಂದಳು.

"ನನ್ನ ಕೈಗೆ ಕೊಟ್ಯಲ್ಲ, ಇನ್ನು ಚಿಂತೆ ಬಿಡು" ಎಂದೆ.

ಹಿತ್ತಲಲ್ಲಿ ಮೊಣಕಾಲೆತ್ತರದ ದಿಬ್ಬ ಏರಿಸಿ, ಅದರ ನೆತ್ತಿಯ ಮೇಲೆ ಗಿಡವನ್ನು ಪ್ರತಿಷ್ಠಾಪಿಸಿದೆ. ದಿಬ್ಬದ ಸುತ್ತ ಬಸಿಗಾಲುವೆ ತೋಡಿ, ಬೇಲಿಯ ಕಡೆಗೆ ಇಳಿಜಾರು ಕೊಟ್ಟೆ. ಬೇರಿನಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತದೆ ಎಂಬುದು ನಮ್ಮೂರಿನ ಮೊದಲ ಪಾಠ. ಬೇಲಿಯಾಚೆ ಹಾಲಮ್ಮನ ಮನೆ. ಒಂದು ಎಮ್ಮೆ, ಒಂದು ಬಡಕಲು ನಿಂಬೆಗಿಡ ಇಟ್ಟುಕೊಂಡು ಒಬ್ಬಳೇ ಇದ್ದ ವಯಸ್ಸಾದ ಹೆಂಗಸು. ಆಕೆ ಬೇಲಿಯ ಮೇಲಿಂದ ಬಹಳ ಹೊತ್ತು ನೋಡಿದಳು.

"ಏನ್ ಮೇಷ್ಟ್ರೇ, ಯಾರ ಗದ್ದುಗೆ ಇದು?"

"ಗದ್ದುಗೆ ಅಲ್ಲ ಹಾಲಮ್ಮ, ಬಸಿಗಾಲುವೆ. ಶಾಸ್ತ್ರೀಯ ವಿಧಾನ" ಎಂದೆ. ಹಾಲಮ್ಮ ಎಮ್ಮೆಗೆ ಹುಲ್ಲು ಹಾಕಲು ಹೋದಳು.

ಮಳೆಗಾಲ ಮುಗಿಯುವವರೆಗೆ ಶಾಸ್ತ್ರವೇ ಗೆದ್ದಿತು. ಹೊಸ ಎಲೆಗಳು ಬಂದವು. ಆ ಉತ್ಸಾಹದಲ್ಲಿ ಐದನೇ ತರಗತಿಗೆ ವೃಕ್ಷಪಾಲನೆಯ ಮೇಲೆ ಎರಡು ಪೀರಿಯಡ್ ಪಾಠವನ್ನೂ ಮಾಡಿದೆ. ಪಠ್ಯದಲ್ಲಿ ಅದು ಇರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಎಲೆ ಹಳದಿಯಾಗತೊಡಗಿತು. ದಿನಕ್ಕೆ ನಾಲ್ಕು ಕೊಡ ಸೇದಿ ಹೊಯ್ದೆ. ಎಲೆ ಇನ್ನೂ ಬಾಡಿತು. ಆಗ ನಾನು ವಿಧ್ಯುಕ್ತವಾಗಿ ಸ್ಥಳ ಪರಿಶೀಲನೆ ನಡೆಸಿದೆ. ಕಾಲುವೆ ಒದ್ದೆಯಾಗಿತ್ತು. ಒದ್ದೆ ಎಂದರೆ ನೀರು ಹೆಚ್ಚಾಗಿದೆ, ಬೇರು ಕೊಳೆಯುತ್ತಿದೆ. ಆದ್ದರಿಂದ ಕಾಲುವೆಯನ್ನು ಇನ್ನೊಂದು ಗೇಣು ಆಳ ಮಾಡತಕ್ಕದ್ದು ಎಂದು ನಿರ್ಣಯಿಸಿ, ಅಂದೇ ಜಾರಿಗೆ ತಂದೆ.

ಗಿಡ ತಲೆ ಬಗ್ಗಿಸಿತು. ಕಾಲುವೆ ಆಳವಾಯಿತಲ್ಲ, ಇನ್ನು ಬೇರಿನಲ್ಲಿ ನೀರು ನಿಲ್ಲದು ಎಂಬ ಧೈರ್ಯದಲ್ಲಿ ನೀರನ್ನು ಆರು ಕೊಡಕ್ಕೆ ಏರಿಸಿದೆ. ಶಾರದೆ ಅಕ್ಕಿ ತೊಳೆದ ನೀರನ್ನೂ ಬಿಡದೆ ತಂದು ಹೊಯ್ಯುತ್ತಿದ್ದಳು. ಬಿಸಿಲು ತಾಗದಿರಲೆಂದು, ಊರಿನಿಂದ ತಂದಿದ್ದ ಗೊರಬನ್ನು, ಅಂದರೆ ಗದ್ದೆಯವರು ಮಳೆಯಲ್ಲಿ ಬೆನ್ನ ಮೇಲೆ ಹೊದೆಯುವ ಎಲೆಯ ಹೊದಿಕೆಯನ್ನು, ಗಿಡದ ಮೇಲೆ ಕವುಚಿದೆ. ದೂರದಿಂದ ನೋಡಿದರೆ ಯಾರೋ ಕುಕ್ಕರಗಾಲಿನಲ್ಲಿ ಕೂತಂತೆ ಕಾಣುತ್ತಿತ್ತು. ಅಂಚೆಯವನು ಅದರ ಹಿಂದೆ ನಿಂತು, "ಮೇಷ್ಟ್ರು ಮನೇಲಿದಾರಾ?" ಎಂದು ಎರಡು ಸಲ ಕೇಳಿದ. ಗೊರಬು ಉತ್ತರಿಸಲಿಲ್ಲ.

ಈ ನಡುವೆ ಹಾಲಮ್ಮನ ನಿಂಬೆಗಿಡ ಕಪ್ಪು ಹಸಿರಾಗಿ ಮೈತುಂಬಿಕೊಂಡಿತು. ವಾರಕ್ಕೊಮ್ಮೆ ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬರುತ್ತಿದ್ದಳು. ಅಪ್ಪೆಮಿಡಿ ಉಪ್ಪಿನಕಾಯಿಯ ಕನಸು ಕಂಡ ನಾನು ದಿನವೂ ನಿಂಬೆ ಉಪ್ಪಿನಕಾಯಿ ತಿನ್ನುತ್ತಿದ್ದೆ. ಶಾರದೆ ಸಂಜೆ ಗೊರಬು ಎತ್ತಿ ಎಲೆ ಮುಟ್ಟಿ ನೋಡಿ ಒಳಗೆ ಹೋಗುತ್ತಿದ್ದಳು. ಅವಳ ಮುಖ ನೋಡಲು ನನಗೆ ಹೆದರಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಹಾಲಮ್ಮ ಬೇಲಿಯಿಂದ ಕೂಗಿದಳು. "ಮೇಷ್ಟ್ರೇ, ಒಂದ್ ಗಳಿಗೆ ಈ ಕಡೆ ಬನ್ನಿ. ನಮ್ ಹಿತ್ಲಲ್ಲಿ ಒರತೆ ಎದ್ದಿದೆ."

ಹೋದೆ. ಬೇಲಿಯ ಬುಡದಲ್ಲಿ ಒಂದು ಬಿಲ. ಅದರ ಸುತ್ತ ಅರಿಶಿನ, ಕುಂಕುಮ, ಎರಡು ದಾಸವಾಳ.

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ತಪ್ಪದೆ ಬರ್ತದೆ. ನಿಂಬೆಗೆ ನಾನು ಒಂದು ಚೊಂಬು ನೀರೂ ಹಾಕಿಲ್ಲ" ಎಂದಳು.

ಹೊತ್ತು ನೋಡಿ ಬರುವ ಒರತೆಯ ಬಗ್ಗೆ ನಾನು ಎಲ್ಲೂ ಓದಿರಲಿಲ್ಲ. ಆದರೂ ಕುತೂಹಲದಿಂದ ಬಗ್ಗಿ ಕೂತೆ. ಬೇಲಿಯಾಚೆ ಕೊಡ ಬಗ್ಗಿಸಿದ ಸದ್ದು. ಶಾರದೆಯ ಬಳೆಯ ಸದ್ದು. ಸ್ವಲ್ಪ ಹೊತ್ತಿಗೆ ಬಿಲದಿಂದ ನೀರು ಬಂದು ನಿಂಬೆಯ ಬುಡ ಸೇರಿತು. ಹಿಂದೆಯೇ ಎರಡು ಅಕ್ಕಿಕಾಳು ತೇಲಿ ಬಂದವು. ನಮ್ಮ ಮನೆಯ ಅಕ್ಕಿ!

ಮನೆಗೆ ಬಂದು ಶಾರದೆಗೆ ಹೇಳಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸುಮ್ಮನೆ ದಿಬ್ಬದ ಮುಂದೆ ಕೂತು ಬೆರಳಿನಿಂದಲೇ ಮಣ್ಣು ಕೆದಕತೊಡಗಿದಳು. ನಾನೂ ಕೂತೆ. ಇಬ್ಬರೂ ಸೇರಿ ದಿಬ್ಬದ ನೆತ್ತಿಯನ್ನು ತಟ್ಟೆಯಂತೆ ತಗ್ಗಿಸಿ ಪಾತಿ ಮಾಡಿದೆವು, ಕಾಲುವೆ ಮುಚ್ಚಿದೆವು, ಪಾತಿಯ ತುಂಬ ಒಣ ಎಲೆ ಹರಡಿದೆವು. ಆಮೇಲೆ ದಿನಕ್ಕೆ ಒಂದೇ ಕೊಡ ಸಾಕಾಯಿತು. ಹದಿನೈದು ದಿನದ ಮೇಲೆ ಒಂದು ಕೆಂಪು ಚಿಗುರು ಕಂಡಾಗ ಶಾರದೆ ಅಳುತ್ತಲೇ ನಕ್ಕಳು. ನನಗೆ ಅಷ್ಟು ಸಂತೋಷ ಕೆಲಸ ಸಿಕ್ಕಿದ ದಿನವೂ ಆಗಿರಲಿಲ್ಲ.

ಆದರೆ ಅಷ್ಟರಲ್ಲೇ ಹಾಲಮ್ಮ ಸಪ್ಪೆ ಮುಖ ಹೊತ್ತು ಬಂದಿದ್ದಳು. "ಒರತೆ ನಿಂತೋಯ್ತು ಮೇಷ್ಟ್ರೇ. ನನ್ನಿಂದ ಏನ್ ತಪ್ಪಾಯ್ತೋ."

ಕುಂಕುಮ ಇಟ್ಟ ಒರತೆಯನ್ನು ನಾನು ಮಣ್ಣು ಹಾಕಿ ಮುಚ್ಚಿದೆ ಎಂದು ಹೇಳುವುದು ಹೇಗೆ? ಮರುದಿನದಿಂದ ಹಾಲಮ್ಮ ಎಮ್ಮೆ ಕರೆಯುವ ಹೊತ್ತು ನೋಡಿ, ಎರಡು ಕೊಡ ನೀರನ್ನು ಕಳ್ಳನಂತೆ ಬೇಲಿಯ ಬಿಲಕ್ಕೆ ಹೊಯ್ದು ಬರತೊಡಗಿದೆ. ಆ ಬೇಸಿಗೆ, ಮುಂದಿನ ಬೇಸಿಗೆ, ಅದರ ಮುಂದಿನದೂ. ಒಂದು ಗಿಡಕ್ಕೆ ನೀರು ಹಾಕಲು ಬಾರದವನ ಪಾಲಿಗೆ ಎರಡು ಗಿಡ ಬಂದವು.

ಕೊನೆಗೊಂದು ವರ್ಷ ಮರ ಮಿಡಿ ಬಿಟ್ಟಿತು. ಶಾರದೆ ಒಂದರ ತೊಟ್ಟು ಮುರಿದು ಮೂಗಿಗೆ ಹಿಡಿದು, "ಅದೇ. ನಮ್ಮನೇದೇ" ಎಂದಳು. ಆ ಪರಿಮಳ ಈಗಲೂ ನನ್ನ ಮೂಗಿನಲ್ಲಿದೆ. ಮೊದಲ ಭರಣಿಯಿಂದ ಹಾಲಮ್ಮನಿಗೂ ಕೊಟ್ಟೆವು. ಆ ಸಂತೋಷದಲ್ಲಿ ಧೈರ್ಯ ಬಂದು ಒರತೆಯ ನಿಜ ಒಪ್ಪಿಕೊಂಡೆ.

"ಗೊತ್ತಿತ್ತು ಬಿಡಿ" ಎಂದಳು ಹಾಲಮ್ಮ, ಮಿಡಿ ಚೀಪುತ್ತಾ. "ಒರತೇಲಿ ಅಕ್ಕಿಕಾಳು ಬರ್ತದಾ?"

"ಮತ್ತೆ ಪಾತಿ ಮಾಡಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಶಾಸ್ತ್ರೀಯ ಅಂದಿದ್ರಲ್ಲ. ಓದ್ದೋರಿಗೆ ನಾ ಹೇಳಕ್ಕಾಗ್ತದಾ? ಅದಕ್ಕೇ ಕರ್ದು ತೋರ್ಸಿದ್ದು."

"ಆ ಕುಂಕುಮ?"

"ಅದು ನಿಂಬೆಗಾಗಿ. ಕುಂಕುಮ ಇಟ್ರೆ ನೀವು ಪೂರ್ತಿ ನಿಲ್ಸಲ್ಲ ಅಂತ."

ಶಾರದೆ ಭರಣಿಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ನನ್ನ ಕೈ ಎರಡು ಕೊಡ ತುಂಬಿತು, ಕಾಲು ಬೇಲಿಗೆ ನಡೆಯಿತು. ಹಾಲಮ್ಮ ಆಚೆ ಕಾಯುತ್ತಾ ನಿಂತಿದ್ದಳು.

"ಒರತೆ ಇವತ್ತು ತಡ ಆಯ್ತಲ್ಲ ಮೇಷ್ಟ್ರೇ" ಎಂದಳು.