ಖಾಲಿ ಪಾತ್ರೆಯ ಕಾನೂನು

ಚೆನ್ನಾಗಿ ನಡೆಯುತ್ತಿರುವ ಕೆಲಸಕ್ಕೆ ಕೈ ಹಾಕಿ ಇನ್ನೂ ಚೆನ್ನಾಗಿ ಮಾಡುತ್ತೇನೆಂದು ಹೊರಡುವುದು ಒಂದು ಕಾಯಿಲೆ. ನನಗದು ನಿವೃತ್ತನಾದ ಮರುದಿನವೇ ಅಂಟಿಕೊಂಡಿತು. ನನ್ನ ಹೆಂಡತಿ ಸಾವಿತ್ರಿ ಕ್ಯಾತನಹಳ್ಳಿಯ ಹೆಂಗಸರನ್ನು ಕಟ್ಟಿಕೊಂಡು ಪಾತ್ರೆ ಸಂಘ ನಡೆಸುತ್ತಾಳೆ. ಮದುವೆ, ತಿಥಿ, ಬೀಗರೂಟ ಏನೇ ಇರಲಿ, ಪ್ಲಾಸ್ಟಿಕ್ ತಟ್ಟೆ ಲೋಟ ತಂದು ಆಮೇಲೆ ನಾಲೆಗೆ ಸುರಿಯುವ ಬದಲು ಸಂಘದ ಸ್ಟೀಲ್ ಸಾಮಾನನ್ನು ಬಾಡಿಗೆಗೆ ಒಯ್ಯಬಹುದು. ಅದರಿಂದ ಪಾತ್ರೆ ತೊಳೆಯುವ ಹೆಂಗಸರ ಮನೆ ನಡೆಯುತ್ತದೆ, ನಾಲೆಯೂ ಉಳಿಯುತ್ತದೆ. ಇದನ್ನು ಪಾಂಡವಪುರ, ಶ್ರೀರಂಗಪಟ್ಟಣ ದಾಟಿಸಿ ಕೆ.ಆರ್. ಪೇಟೆ, ನಾಗಮಂಗಲಕ್ಕೂ ಬೆಳೆಸೋಣವೆಂದು ಸಾವಿತ್ರಿಯ ಪ್ರಾಣ ತಿಂದವನು ನಾನು.

ಬೆಳೆಯಿತು, ತೊಂದರೆಯೂ ಬೆಳೆಯಿತು. ನಮ್ಮ ಕಡೆ ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ, ಬಾಡಿಗೆ ಕೊಟ್ಟು ತಂದಿದ್ದರೂ ಅಷ್ಟೆ. ಒಂದೇ ಊರಿದ್ದಾಗ ಹಿಡಿ ಅವರೆಕಾಳೋ ತುಂಡು ಬೆಲ್ಲವೋ ಬರುತ್ತಿತ್ತು. ಈಗ ಆಟೋ ಬಂದರೆ ಕೊಳಗದ ತುಂಬ ಕುಂಬಳಕಾಯಿ, ಬಕೆಟ್ಟಿನ ತುಂಬ ಪಾಯಸ. ನಾವು ಪಾಯಸಕ್ಕೆ ಗಿರಾಕಿ ಹುಡುಕುತ್ತಿದ್ದರೆ ಅತ್ತ ಅರಕೆರೆಯ ಮದುವೆಮನೆಯವರು ಬಕೆಟ್ಟಿಗೆ ಕಾಯುತ್ತಿದ್ದರು. ನಾನು ತಲೆ ಓಡಿಸಿ ಬೋರ್ಡ್ ಬರೆಸಿದೆ: ‘ಪಾತ್ರೆಗಳನ್ನು ಖಾಲಿಯಾಗಿಯೇ ಹಿಂದಿರುಗಿಸತಕ್ಕದ್ದು.’ ಆ ‘ತಕ್ಕದ್ದು’ ನೋಡಿ ನನಗೇ ಹೆಮ್ಮೆಯಾಯಿತು.

ನಾಗಮಂಗಲದ ಕಡೆಯಿಂದ ಬುಕಿಂಗ್ ನಿಂತೇಹೋಯಿತು. ತೊಳೆಯುವ ಹೆಂಗಸರು ಕೈಕಟ್ಟಿ ಕುಳಿತರು. "ಮದ್ವೆ ಮಾಡ್ದೋರ ಕೈಲಿ ಬರೀ ಪಾತ್ರೆ ಕೊಡುಸ್ತೀರಲ್ಲ, ನಿಮಗೇನು ಬುದ್ಧಿ ಐತಾ? ನೀವೇ ಓಗಿ ಸಮಾಧಾನ ಮಾಡ್ಬುಟ್ಟು ಬನ್ನಿ" ಎಂದು ಸಾವಿತ್ರಿ ನನ್ನನ್ನು ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ನನಗೆ ಭಯ. ಈ ತಾಲ್ಲೂಕು ಕೈಬಿಟ್ಟರೆ ಆ ಹೆಂಗಸರಿಗೆ ಮುಖ ತೋರಿಸುವುದು ಹೇಗೆ?

ಅಲ್ಲಿ ಆ ಕಡೆಯ ನಮ್ಮ ಮೊದಲ ಗಿರಾಕಿ ನಿಂಗಮ್ಮ, ಊರಿಗೇ ಹಿರಿಯಳು, ನನ್ನನ್ನು ಜಗಲಿಯ ಮೇಲೆ ಕೂರಿಸಿ ಕೇಳಿದಳು: "ಅದ್ಯಾವನಪ್ಪ ಬೋರ್ಡ್ ಬರ್ಸಿದ್ದು? ನಾವೇನು ಗತಿಗೆಟ್ಟೋರಾ?"

ನಿಜ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. "ಯಾರೋ ಹೊಸಬ ಕಣಮ್ಮ. ಕೆಲಸದಿಂದ ತೆಗೆದಾಯ್ತು, ಬೋರ್ಡೂ ಕಿತ್ತಾಯ್ತು."

ಅಜ್ಜಿಯ ಮುಖ ಅರಳಿತು. ಮರಿಮಗನ ನಾಮಕರಣಕ್ಕೆ ಪಾತ್ರೆ ಬೇಕೆಂದಳು, ಊರಿನವರಿಗೂ ಹೇಳುತ್ತೇನೆಂದಳು. ಒಳಗೆ ಹೋಗಿ ನನಗೊಂದು ಪೊಟ್ಟಣ ಕಜ್ಜಾಯ ತಂದಳು. ನಾನು ಏಳುವಷ್ಟರಲ್ಲಿ ಮತ್ತೆ ಒಳಗೆ ಹೋಗಿ ಇನ್ನೊಂದು ತಂದಳು.

"ಪಾಪ, ಕೆಲ್ಸ ಕಳ್ಕೊಂಡವ್ನೆ. ತಿಳೀದೆ ಮಾಡ್ಬುಟ್ಟ. ಅವನ್ಗೂ ಒಂದೀಟು ಕೊಡಪ್ಪ."

ಬಸ್ಸಿನಲ್ಲಿ ನನ್ನ ಪಾಲು ಮುಗಿಸಿ ಅವನ ಪಾಲನ್ನೂ ತಿಂದೆ. ಅವನದೇ ಹೆಚ್ಚು ರುಚಿಯಾಗಿತ್ತು.