ತೂತು ಕಂಡರೆ ಹುಡುಗಿ ಇಲ್ಲ

ಮರಗೆಲಸದವನು ಎಷ್ಟು ಮುಚ್ಚಿದರೂ ಅವನ ಹುಳುಕು ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ. ನನ್ನದು ಮೂರು ಊರಿನಲ್ಲಿ ಬಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ತೆಂಗಿನಗುಂಡಿಯಲ್ಲಿ ದೋಣಿ ಕಟ್ಟುವ ಆಚಾರಿಯೊಬ್ಬರ ಮಗಳನ್ನು ಕೇಳಲು ಹೋಗಿದ್ದೆ. "ಮರದ ತೂತು ತುಂಬೂಕೆ ಬರ್ತದಾ? ನೀ ತುಂಬಿದ್ದು ನಮ್ಮನೇಲಿ ಯಾರಿಗೂ ಕಾಣ್ಬಾರ್ದು. ಕಂಡ್ರೆ ಹುಡುಗಿ ಇಲ್ಲ," ಎಂದರು. ನಾನೂ ಹಾಗೆಲ್ಲ ಬಿಡುವ ಆಸಾಮಿಯಲ್ಲ.

ಹೊನ್ನಾವರದ ಬೆಂಚು

ಚಾ ಅಂಗಡಿಯ ಬೆಂಚಿನಲ್ಲಿ ಮರದ ಗಂಟು ಉದುರಿ ಮುಷ್ಟಿಯಷ್ಟು ಕುಳಿ ಬಿದ್ದಿತ್ತು. ರಾಳ ಕರಗಿಸಿ, ಕಾವಿ ಬೆರೆಸಿ ಹೊಯ್ದೆ. ಗಾಜಿನಂತೆ ಹೊಳೆಯಿತು. ಮರುದಿನ ಅಂಗಡಿಯವರು ಕುದಿಯುವ ಕೆಟಲ್ ತಂದು ಸರಿಯಾಗಿ ಅದರ ಮೇಲೇ ಇಟ್ಟರು. ರಾಳ ಕರಗಿತು, ಆರಿತು, ಕಚ್ಚಿಕೊಂಡಿತು. ಕೆಟಲ್ ಎತ್ತಿದರೆ ಬೆಂಚಿನ ತುದಿಯೂ ಎದ್ದಿತು. ಸುದ್ದಿ ನನಗಿಂತ ಮೊದಲು ತೆಂಗಿನಗುಂಡಿ ಮುಟ್ಟಿತ್ತು.

"ನೀ ತುಂಬಿದ್ದು ಹುಡುಕೂಕೆ ಎಂತ ಕಷ್ಟ ಇಲ್ಲ," ಎಂದರು ಆಚಾರಿ. "ಕೆಟಲ್ ಎಲ್ಲಿದೆ ನೋಡಿದ್ರೆ ಆತು."

ಕುಮಟೆಯ ಮೇಜು

ರಾಳ ಬಿಟ್ಟೆ. ಎರಡು ಟ್ಯೂಬು ಬೆರೆಸುವ ಹೊಸ ಅಂಟು ಬಂದಿತ್ತು, ಅದಕ್ಕೆ ಬಣ್ಣ ಕಲಸಿ ಶಾಲೆಯ ಹೊಸ ಹಲಸಿನ ಮೇಜಿನ ಹನ್ನೊಂದು ತೂತು ತುಂಬಿದೆ. ಹಳದಿಗೆ ಹಳದಿ, ನನಗೇ ಕಾಣದಷ್ಟು ಕೂಡಿತು. ಆದರೆ ಹಲಸು ದಿನ ಕಳೆದಂತೆ ಕೆಂಪಾಗುತ್ತದೆ, ಅಂಟು ಆಗುವುದಿಲ್ಲ. ವರ್ಷ ತುಂಬುವಷ್ಟರಲ್ಲಿ ಮೇಜಿನ ತುಂಬ ಹಳದಿ ಚುಕ್ಕೆ ಎದ್ದವು. ಕೆತ್ತಿ ತೆಗೆಯಲು ಉಳಿ ಹಿಡಿದು ಹೋದೆ.

ಮಾಸ್ತರು ಅಡ್ಡ ನಿಂತರು. "ಮುಟ್ಬೇಡ ಮಾರಾಯ. ಮಕ್ಕಳು ಅದ್ರ ಮೇಲೇ ಹನ್ನೊಂದರವರೆಗೆ ಎಣಿಸೂಕೆ ಕಲ್ತವ್ರೆ. ಹನ್ನೆರಡು ಕಲಿಸ್ಬೇಕು, ಇನ್ನೊಂದು ತೂತು ಹೊಡೆದು ತುಂಬು."

ತೆಂಗಿನಗುಂಡಿಯ ಮಣೆ

ಅಷ್ಟರಲ್ಲಿ ಹುಡುಗಿಗೆ ಬೇರೆ ಕಡೆಯಿಂದ ಸಂಬಂಧ ಬಂತೆಂದು ಕೇಳಿದೆ. ಆಗಲೇ ಕೆಂಪಾಗಿದ್ದ ಹಳೇ ಹಲಸಿನ ಹಲಗೆಯೊಂದನ್ನು ಹುಡುಕಿ ಕೂರುವ ಮಣೆ ಮಾಡಿದೆ. ಅದರಲ್ಲೊಂದು ತೂತು. ಏಳು ಸಲ ಬಣ್ಣ ಕಲಸಿ, ಏಳು ಸಲ ಚೆಲ್ಲಿ, ಎಂಟನೆಯದನ್ನು ತುಂಬಿ ಒಯ್ದೆ.

ಆಚಾರಿ ಕನ್ನಡಕ ಹಾಕಿದರು, ಬಿಸಿಲಿಗೆ ಹಿಡಿದರು, ಉಗುರಿನಿಂದ ಕೆರೆದರು. ಆಮೇಲೆ ಮಗಳನ್ನು ಕರೆದು, ಮಣೆಯನ್ನು ಕೈಯಿಂದ ಬಿಡದೆ ಅವಳ ಮುಂದೆ ಹಿಡಿದರು. "ತೂತು ಎಲ್ಲಿತ್ತು, ತೋರ್ಸು." ಅವಳು ಬಹಳ ಹೊತ್ತು ನೋಡಿ ಆಚೆ ತುದಿಯ ಒಂದು ಗಂಟಿನ ಮೇಲೆ ಬೆರಳಿಟ್ಟಳು. ಆಚಾರಿ ಉಳಿಯಿಂದ ಕೆರೆದು ನೋಡಿದರು. ಅಪ್ಪಟ ಮರ.

"ಆತು," ಎಂದರು. "ಮದುವೆ ದಿನ ಇದೇ ಮಣೆ ಮೇಲೆ ಕೂತ್ಕೋ."

ಮದುವೆಯಾಗಿ ತಿಂಗಳಾದರೂ ನನ್ನ ಜಂಬ ಇಳಿದಿರಲಿಲ್ಲ. ಒಂದು ದಿನ ಹೆಂಡತಿ ಸುಮ್ಮನೆ ಎದ್ದು ಹೋಗಿ ಮಣೆ ತಂದು ಅಂಚಿನ ಕಡೆ ತೋರಿಸಿದಳು. ನಾನು ತುಂಬಿದ ಜಾಗ. ಆರುವ ಮುಂಚೆ ಒತ್ತಿದ್ದೆನೋ ಏನೋ, ನನ್ನ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಅಚ್ಚೊತ್ತಿತ್ತು.

ಮುಖ ಸಣ್ಣದು ಮಾಡಿಕೊಂಡು, "ನಿಮ್ಮಪ್ಪಂಗೆ ಇದು ಕಾಣ್ಲಿಲ್ವಲ್ಲ?" ಎಂದೆ.

"ಕಾಣದೆ ಎಂತ?" ಎಂದಳು. "ಅವತ್ತು ಇದ್ರ ಮೇಲೇ ತನ್ನ ಹೆಬ್ಬೆಟ್ಟು ಇಟ್ಟು ಮುಚ್ಚಿ ಹಿಡಿದಿದ್ದ. ಅದ್ಕೇ ನಾ ಆಚೆ ತುದಿ ತೋರ್ಸಿದ್ದು."